ಗಿಡಗಳ ಹೆಸರು ಕೇಳುತ್ತ ನಡೆದವನು

ಮೈಸೂರು ಸೀಮೆಯ ಚರಿತ್ರೆಯನ್ನು ಓದಿದವರಿಗೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನ ಹೆಸರು ಅಪರಿಚಿತವಾದುದಲ್ಲ. ಟೀಪು ಸುಲ್ತಾನನು ಮಡಿದ ಮರುವರ್ಷ ಈ ನಾಡನ್ನು ಊರೂರಾಗಿ ಸುತ್ತಿ, ಬೆಳೆ, ಕಂದಾಯ, ಕೂಲಿ, ಸಂತೆ, ಕಸುಬು, ಗುಡಿ ಎಲ್ಲವನ್ನೂ ಬರೆದಿಟ್ಟವನು ಆತ. ಆರ್ಥಿಕ ಚರಿತ್ರೆಯನ್ನು ಬರೆಯುವವರು ಆತನ ಮೂರು ಸಂಪುಟಗಳನ್ನು ಮುಟ್ಟದೆ ಒಂದು ಹೆಜ್ಜೆಯನ್ನೂ ಮುಂದಿಡಲಾರರು. ಆದರೆ ಆತನು ವೃತ್ತಿಯಿಂದ ವೈದ್ಯ, ಮನಸ್ಸಿನಿಂದ ಸಸ್ಯವಿಜ್ಞಾನಿ ಎಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ನಾನು ಕನ್ನಡವನ್ನು ಪಾಠ ಹೇಳುವವನು. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ನನ್ನನ್ನು ಬುಕಾನನ್ನನ ಬಳಿಗೆ ಎಳೆದುಕೊಂಡು ಹೋದದ್ದು ಗಿಡಗಳೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಗಿಡಗಳ ಹೆಸರುಗಳು.

ಬುಕಾನನ್ 1762ನೆಯ ಇಸವಿಯ ಫೆಬ್ರವರಿ 15ರಂದು ಸ್ಕಾಟ್ಲೆಂಡಿನ ಪರ್ತ್ ಪ್ರಾಂತದಲ್ಲಿ ಹುಟ್ಟಿದನು. ಗುಡ್ಡ, ಸರೋವರ, ಕುರಿಹಿಂಡುಗಳ ನಾಡು ಅದು. ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು 1783ರಲ್ಲಿ ಪದವಿ ಪಡೆದನು. ಆ ಕಾಲದ ವೈದ್ಯನಿಗೆ ಗಿಡಮೂಲಿಕೆಗಳ ಪರಿಚಯ ಅನಿವಾರ್ಯ. ಔಷಧದ ಬಹುಭಾಗ ಬರುತ್ತಿದ್ದುದೇ ಅವುಗಳಿಂದ. ಅಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದವನು ಜಾನ್ ಹೋಪ್ ಎಂಬ ಪ್ರಾಧ್ಯಾಪಕ. ಈತನು ಸ್ವೀಡನ್ ದೇಶದ ಮಹಾ ಸಸ್ಯವಿಜ್ಞಾನಿ ಲಿನೇಯಸ್ಸನ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಮೊದಲು ಕಲಿಸಿದವರಲ್ಲೊಬ್ಬ.

ಲಿನೇಯಸ್ಸನ ವಿಷಯವನ್ನು ಇಲ್ಲಿ ಎರಡು ಮಾತು ಹೇಳಬೇಕು. 1732ರಲ್ಲಿ, ಇನ್ನೂ ಇಪ್ಪತ್ತೈದು ವರ್ಷದ ತರುಣನಾಗಿದ್ದಾಗ, ಆತನು ಸ್ವೀಡನ್ನಿನ ಉತ್ತರದ ಲ್ಯಾಪ್‌ಲ್ಯಾಂಡ್ ಎಂಬ ಹಿಮದ ಸೀಮೆಯನ್ನು ಸುತ್ತಿ ಅಲ್ಲಿನ ಕಾಡುಗಿಡಗಳನ್ನು ಪಟ್ಟಿ ಮಾಡಿದನು. ಗಿಡಗಳ ಜೊತೆಗೆ ಅಲ್ಲಿನ ಜನ ಏನನ್ನು ಉಣ್ಣುತ್ತಾರೆ, ಯಾವ ಸೊಪ್ಪನ್ನು ಯಾವ ಬೇನೆಗೆ ಬಳಸುತ್ತಾರೆ ಎಂಬುದನ್ನೂ ಬರೆದುಕೊಂಡನು. 1753ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡೇ ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದನು. ಮೊದಲನೆಯದು ಕುಲದ ಹೆಸರು, ಎರಡನೆಯದು ಜಾತಿಯದು. ನಮ್ಮ ಮನೆತನದ ಹೆಸರು ಮತ್ತು ಇಟ್ಟ ಹೆಸರು ಇದ್ದಂತೆ. ಅದಕ್ಕೆ ಮೊದಲು ಒಂದು ಗಿಡವನ್ನು ಗುರುತಿಸಲು ಒಂದು ಉದ್ದನೆಯ ಲ್ಯಾಟಿನ್ ವಾಕ್ಯವನ್ನೇ ಒಪ್ಪಿಸಬೇಕಾಗಿತ್ತು. ಇಷ್ಟು ಸೂಕ್ಷ್ಮದೃಷ್ಟಿಯವನಾದರೂ ಬಂಡೆಗೆ ಅಂಟಿ ಬೆಳೆಯುವ ಕಲ್ಲುಹೂವಿನ ಜಾತಿಯನ್ನು ಮಾತ್ರ ಆತನು ಸಸ್ಯಲೋಕದ ಕಡುಬಡವರೆಂದು ಎಣಿಸಿ ಹೆಚ್ಚು ಲಕ್ಷ್ಯ ಕೊಡಲಿಲ್ಲ. ಆ ಬಡವರ ಕಡೆಗೆ ಕಣ್ಣು ಹಾಯಿಸಿದವನು ಆತನ ಮುಂದೆ ಕೊನೆಯದಾಗಿ ಪ್ರಬಂಧ ಮಂಡಿಸಿದ ಶಿಷ್ಯ ಅಕೇರಿಯಸ್. ನಮ್ಮ ಹೆಣ್ಣುಮಕ್ಕಳು ಮಸಾಲೆಗೆ ಹಾಕುವ ಕಲ್ಲುಹೂವಿಗೆ ಶಾಸ್ತ್ರದಲ್ಲಿ ಕುಲದ ಹೆಸರೊಂದು ದೊರೆತದ್ದು ಈ ಸ್ವೀಡಿಷ್ ವೈದ್ಯನ ಕೈಯಿಂದ. ತುಂಗಭದ್ರೆಯ ದಂಡೆಯ ಬಂಡೆಗಳ ಮೇಲಿನ ಬೂದು ಮಚ್ಚೆಗಳಿಗೆ ನಮ್ಮ ಜನ ಮಾತ್ರ ಕಲ್ಲಿನ ಹೂ ಎಂಬ ಚೆಲುವಾದ ಹೆಸರನ್ನು ಮೊದಲೇ ಇಟ್ಟಿದ್ದರು.

ಎಡಿನ್‌ಬರೋದಲ್ಲಿ ಬುಕಾನನ್ನನ ಸಹಪಾಠಿಯಾಗಿದ್ದವನು ಜೇಮ್ಸ್ ಎಡ್ವರ್ಡ್ ಸ್ಮಿತ್. ಲಿನೇಯಸ್ಸನು ತೀರಿಕೊಂಡ ಮೇಲೆ ಆತನ ಒಣಗಿಡಗಳ ಸಂಗ್ರಹ, ಪುಸ್ತಕ, ಕಾಗದಪತ್ರ ಎಲ್ಲವೂ ಮಾರಾಟಕ್ಕೆ ಬಂದಾಗ, 1784ರಲ್ಲಿ ಅವುಗಳನ್ನು ಕೊಂಡು ಲಂಡನ್ನಿಗೆ ತರಿಸಿದವನು ಈ ತರುಣ ಸ್ಮಿತ್. 1788ರಲ್ಲಿ ಆತನ ಮುಂದಾಳುತನದಲ್ಲಿ ಲಿನೇಯನ್ ಸೊಸೈಟಿ ಹುಟ್ಟಿತು. ಗೆಳೆಯನು ಸ್ವೀಡನ್ನಿನ ಭಂಡಾರವನ್ನು ಕಾಯುತ್ತ ಕುಳಿತನು. ಬುಕಾನನ್ನನು ಹಡಗಿನ ವೈದ್ಯನಾಗಿ ಏಷ್ಯದ ಕಡೆಗೆ ಹೊರಟನು.

ಈ ಸಮುದ್ರಯಾನದ ಕಾಲದ ಒಂದು ಘಟನೆ ಕಟ್ಟುಕತೆಯಂತೆ ತೋರುತ್ತದೆ, ಆದರೆ ನಿಜವಾದುದು. ಬುಕಾನನ್ನನು 1780ರಲ್ಲಿ ಜಾನ್ ಹೋಪನ ಪಾಠಗಳನ್ನು ಬರೆದುಕೊಂಡಿದ್ದ ಟಿಪ್ಪಣಿಗಳನ್ನು 1785ರ ಯಾನದಲ್ಲಿ ಬಾಸ್ವೆಲ್ ಎಂಬ ಒಡನಾಡಿಗೆ ಓದಲು ಕೊಟ್ಟನು. ಬಾಸ್ವೆಲ್ಲನು ಮುಂದೆ ಸತ್ಯಮಂಗಲದಲ್ಲಿ ಅವುಗಳನ್ನು ಕಳೆದುಕೊಂಡನು. ಅವು ಟೀಪು ಸುಲ್ತಾನನ ಕೈಗೆ ಸಿಕ್ಕವು. ಸುಲ್ತಾನನು ಅವನ್ನು ಬಿಸುಡಲಿಲ್ಲ. ಹೊಸದಾಗಿ ರಟ್ಟು ಕಟ್ಟಿಸಿ ತನ್ನ ಪುಸ್ತಕ ಭಂಡಾರದಲ್ಲಿರಿಸಿದನು. ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ, ಸೈನ್ಯದ ಅಧಿಕಾರಿಯೊಬ್ಬನು ಆ ಭಂಡಾರದಲ್ಲಿ ಅವುಗಳನ್ನು ಕಂಡು ಬುಕಾನನ್ನನಿಗೆ ಮರಳಿಸಿದನು. ಸ್ವೀಡನ್ನಿನಲ್ಲಿ ಹುಟ್ಟಿದ ವಿದ್ಯೆ ಎಡಿನ್‌ಬರೋದ ವಿದ್ಯಾರ್ಥಿಯೊಬ್ಬನ ಕೈಬರಹದಲ್ಲಿ ಶ್ರೀರಂಗಪಟ್ಟಣದ ಅರಮನೆಗೆ ಬಂದು, ಅಲ್ಲಿ ತನ್ನ ಒಡೆಯನಿಗಾಗಿ ಕಾದು ಕುಳಿತಿತ್ತು. ಬೆಂಗಳೂರಿನ ಲಾಲ್‌ಬಾಗನ್ನು ಬೆಳೆಸಿದ ಸುಲ್ತಾನನಿಗೆ ಗಿಡಗಳ ಪುಸ್ತಕವೊಂದು ಅಮೂಲ್ಯವೆನಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

1794ರಲ್ಲಿ ಬುಕಾನನ್ನನು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಶಾಖೆಗೆ ಸೇರಿದನು. ಮರುವರ್ಷವೇ ಬ್ರಹ್ಮದೇಶದ ಆವಾಕ್ಕೆ ಹೊರಟ ರಾಯಭಾರದೊಡನೆ ವೈದ್ಯನಾಗಿ ಹೋಗಿ ಅಲ್ಲಿನ ಸಸ್ಯಗಳನ್ನು ಕೂಡಿಹಾಕಿದನು. 1798ರಲ್ಲಿ ಚಿತ್ತಗಾಂಗಿನ ಗುಡ್ಡಗಾಡನ್ನು ಸುತ್ತಿದನು. ಜರ್ಮನಿಯ ಸಸ್ಯಶಾಸ್ತ್ರಜ್ಞ ಸ್ಪ್ರೆಂಗೆಲ್ಲನು ಒಂದು ಮರದ ಕುಲಕ್ಕೆ ಈತನ ಗೌರವಾರ್ಥವಾಗಿ ಬುಕಾನನಿಯ ಎಂದು ಹೆಸರಿಟ್ಟನು. ನಮ್ಮ ಕಡೆಯ ಹಬ್ಬದ ಸಿಹಿಯ ಮೇಲೆ ಉದುರಿಸುವ ಚಾರೋಳಿ ಈ ಕುಲದ ಮರದ ಬೀಜವೇ. ಚಾರೋಳಿಯನ್ನು ತಿನ್ನುವ ನಾವು ಬುಕಾನನ್ನನ ಹೆಸರನ್ನು ನೆನೆಯುವುದಿಲ್ಲ. ಮರಕ್ಕೆ ಅದರ ಚಿಂತೆಯೂ ಇಲ್ಲ.

ಶ್ರೀರಂಗಪಟ್ಟಣ ಕೈಗೆ ಬಂದೊಡನೆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಗೆದ್ದ ನಾಡಿನ ಬೆಲೆಯೇನು ಎಂಬುದನ್ನು ತಿಳಿಯಬೇಕಾಗಿತ್ತು. 1800ರ ಫೆಬ್ರವರಿಯಲ್ಲಿ ಬುಕಾನನ್ನನಿಗೆ ಆಜ್ಞೆಯಾಯಿತು. ಮೊದಲನೆಯದಾಗಿ ಬೇಸಾಯ, ಅನಂತರ ದನಕರು, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ, ಕೈಗಾರಿಕೆ, ಹವೆ, ಜನಜೀವನ. ಇವುಗಳ ಜೊತೆಗೆ ಉಪಯುಕ್ತವಾದ ಗಿಡಗಳನ್ನೂ ಬೀಜಗಳನ್ನೂ ಕಲಕತ್ತೆಯ ಸಸ್ಯೋದ್ಯಾನಕ್ಕಾಗಿ ಸಂಗ್ರಹಿಸುವುದು. ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ನನು ಮತ್ತೆ ಮದರಾಸನ್ನು ಸೇರಿದ್ದು 1801ರ ಜುಲೈಯಲ್ಲಿ. ನಡುವಣ ಹದಿನಾಲ್ಕು ತಿಂಗಳು ಶ್ರೀರಂಗಪಟ್ಟಣ, ಬೆಂಗಳೂರು, ಸಿರಾ, ಕೊಯಮತ್ತೂರು, ಮಲಬಾರ, ಮಂಗಳೂರು, ಕಾರವಾರ, ಶಿರಸಿ, ಬನವಾಸಿ, ಇಕ್ಕೇರಿ, ನಗರ, ಶಿವಮೊಗ್ಗೆ, ಹರಿಹರ, ಚಿತ್ರದುರ್ಗ ಹೀಗೆ ಸಾಗಿತು ಆತನ ಸಂಚಾರ.

ಬುಕಾನನ್ನನಿಗೆ ಕನ್ನಡ ಬಾರದು. ದುಭಾಷಿಗಳ ಮೂಲಕ ರೈತನನ್ನು, ಶಾನುಭೋಗನನ್ನು, ವ್ಯಾಪಾರಿಯನ್ನು ಕರೆಸಿ ಕೇಳುತ್ತಿದ್ದನು. ಒಬ್ಬನು ಹೇಳಿದುದನ್ನು ಇನ್ನೊಬ್ಬನ ಮಾತಿನೊಡನೆ ಒರೆಗೆ ಹಚ್ಚುತ್ತಿದ್ದನು. ಸೇರು, ಕೊಳಗ, ಖಂಡುಗಗಳನ್ನು ತೂಗಿ ಅಳೆದು ಇಂಗ್ಲಿಷ್ ಮಾನಕ್ಕೆ ತಿರುಗಿಸುತ್ತಿದ್ದನು. ಕಾಡಿಗೆ ಬಂದಾಗ ಮಾತ್ರ ಆತನಲ್ಲಿದ್ದ ಹೋಪನ ಶಿಷ್ಯ ಎಚ್ಚರಗೊಳ್ಳುತ್ತಿದ್ದನು. ಮರಗಳನ್ನು ಒಂದೊಂದಾಗಿ ಎಣಿಸಿ, ಊರವರು ಅದಕ್ಕೆ ಏನೆನ್ನುತ್ತಾರೆಂಬುದನ್ನು ಮೊದಲು ಬರೆದು, ಪಕ್ಕದಲ್ಲಿ ಲಿನೇಯಸ್ಸನ ಕ್ರಮದ ಹೆಸರನ್ನು ಕೂಡಿಸಿ, ಮರದ ಉಪಯೋಗವೇನು ಎಂಬುದನ್ನು ಹೇಳುವುದು ಆತನ ರೂಢಿ. ಹೊನ್ನೆ, ಮತ್ತಿ, ದಿಂಡಿಗ, ತೇಗಗಳು ಇಂಗ್ಲಿಷ್ ಕಿವಿಯಲ್ಲಿ ಹೊಕ್ಕು ಇಂಗ್ಲಿಷ್ ಲಿಪಿಯಲ್ಲಿ ಹೊರಬಂದಾಗ ಬಹಳ ವಿಕಾರಗೊಂಡಿವೆ. ನಮ್ಮ ಮಹಾಪ್ರಾಣ, ದೀರ್ಘ, ಳಕಾರಗಳಿಗೆ ಅಲ್ಲಿ ಸ್ಥಾನವಿಲ್ಲ. ಆದರೂ ಕನ್ನಡ ಬಲ್ಲವನು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಒಳಗಿನ ಪದ ತಾನಾಗಿಯೇ ತಲೆಯೆತ್ತುತ್ತದೆ. ಹಳೆಯ ಓಲೆಗರಿಯ ತಪ್ಪು ಪಾಠದಿಂದ ಕವಿಯ ಪಾಠವನ್ನು ಹುಡುಕುವ ಕೆಲಸಕ್ಕಿಂತ ಇದು ಬೇರೆಯಲ್ಲ.

ಇಲ್ಲಿಯೇ ನನಗೆ ಈ ಮನುಷ್ಯನ ದೊಡ್ಡತನ ಕಾಣುವುದು. ಅಧಿಕಾರ ಕೈಯಲ್ಲಿದ್ದವನಿಗೆ ಹೊಸ ಹೆಸರಿಟ್ಟು ಹಳೆಯದನ್ನು ಮರೆತುಬಿಡುವುದು ಸುಲಭ. ಬುಕಾನನ್ನನು ಹಾಗೆ ಮಾಡಲಿಲ್ಲ. ಲ್ಯಾಟಿನ್ ಹೆಸರು ಜಗತ್ತಿನ ಪಂಡಿತರಿಗೆ, ಊರಿನ ಹೆಸರು ಆ ಗಿಡವನ್ನು ಮತ್ತೆ ಹುಡುಕಿಕೊಂಡು ಬರುವವನಿಗೆ. ಎರಡರಲ್ಲಿ ಒಂದು ತಪ್ಪಿದರೂ ದಾರಿ ಮುಚ್ಚುತ್ತದೆ ಎಂಬ ವಿವೇಕ ಆತನಿಗಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರು ಹನ್ನೆರಡು ಸಂಪುಟಗಳಲ್ಲಿ ಹೊರತಂದ ಮಲಬಾರಿನ ಸಸ್ಯಗ್ರಂಥಕ್ಕೆ ಆತನು ಇಳಿವಯಸ್ಸಿನಲ್ಲಿ ದೀರ್ಘವಾದ ವ್ಯಾಖ್ಯಾನ ಬರೆಯಲು ಕುಳಿತದ್ದಕ್ಕೂ ಈ ವಿವೇಕವೇ ಕಾರಣವಿರಬೇಕು. ಆ ಗ್ರಂಥವೂ ದೇಶೀಯ ವೈದ್ಯರು ಹೇಳಿದ ಹೆಸರುಗಳ ಮೇಲೆಯೇ ನಿಂತದ್ದು. ನಮ್ಮಲ್ಲಿ ಕಿಟ್ಟೆಲರು 1894ರ ತಮ್ಮ ನಿಘಂಟಿನಲ್ಲಿ ಗಿಡಗಳ ಕನ್ನಡ ಹೆಸರಿನ ಎದುರಿಗೆ ಲ್ಯಾಟಿನ್ ಹೆಸರನ್ನು ಕೊಟ್ಟಿರುವುದನ್ನು ಅಭ್ಯಾಸಿಗಳೆಲ್ಲರೂ ಬಲ್ಲರು. ಅದಕ್ಕೆ ತೊಂಬತ್ತು ವರ್ಷಗಳ ಹಿಂದೆಯೇ ಬುಕಾನನ್ನನು ಆ ದಾರಿಯಲ್ಲಿ ನಡೆದಿದ್ದನು.

1801ರ ಮಾರ್ಚಿನಲ್ಲಿ ಆತನು ಬನವಾಸಿಗೆ ಬಂದನು. ಪಂಪನನ್ನು ಓದಿದ ನಮಗೆ ಆ ಹೆಸರು ಕಿವಿಗೆ ಬಿದ್ದೊಡನೆ ಕಣ್ಣಮುಂದೆ ನಿಲ್ಲುವ ನಾಡೇ ಬೇರೆ. ಬುಕಾನನ್ನನಿಗೆ ಪಂಪನ ಹೆಸರೂ ಗೊತ್ತಿರಲಿಲ್ಲ. ಯುದ್ಧಗಳಿಂದ ನಲುಗಿದ ಒಂದು ಊರಿನ ಮಣ್ಣು, ನೀರು, ಬೆಳೆಗಳನ್ನು ಆತನು ಕಂಡನು. ಕವಿ ಹಂಬಲಿಸಿದ ನಾಡನ್ನು ವೈದ್ಯನು ಪರೀಕ್ಷಿಸಿದನೆನ್ನಬಹುದು. ಇಬ್ಬರಿಗೂ ಆ ನೆಲದ ಗಿಡಮರಗಳು ಲೆಕ್ಕಕ್ಕೆ ಬಂದವೆಂಬುದಷ್ಟೇ ಅವರೊಳಗಿನ ಸಂಬಂಧ. ಅಲ್ಲಿಂದ ಇಕ್ಕೇರಿ, ನಗರ, ಶಿವಮೊಗ್ಗೆಗಳನ್ನು ನೋಡಿಕೊಂಡು ಆ ಬೇಸಗೆಯಲ್ಲಿ ಹರಿಹರವನ್ನು ಮುಟ್ಟಿದನು. ಹರಿಹರೇಶ್ವರನ ಗುಡಿ, ಎರೆಭೂಮಿ, ಜೋಳ, ಹತ್ತಿ, ಸಾಲು ಹಿಡಿದು ಬಿತ್ತುವ ಕೂರಿಗೆ, ಕಳೆ ತೆಗೆಯುವ ಕುಂಟೆ ಇವೆಲ್ಲ ಆತನ ದಿನಚರಿಯಲ್ಲಿ ಸೇರಿದವು.

ಹರಿಹರದಿಂದ ಕೆಲವೇ ಹರದಾರಿಯ ದೂರದಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ ನಮ್ಮ ಐರಣಿ ಇದೆ. ಹಾಳುಕೋಟೆ ಮತ್ತು ಹೊಳೆಮಠ ಇವುಗಳಿಂದ ಸುತ್ತಿನವರಿಗೆಲ್ಲ ಗೊತ್ತಾದ ಊರು. ಬುಕಾನನ್ನನು ಇಲ್ಲಿಗೆ ಬರಲಿಲ್ಲ. ಆತನಿಗಿದ್ದ ಅಪ್ಪಣೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರಗಳಿಗೆ ಮಾತ್ರ. ಹೊಳೆಯ ಈ ದಂಡೆ ಮರಾಠರ ಆಡಳಿತದಲ್ಲಿತ್ತು. ಆದರೆ ಅದಕ್ಕೆ ಹಿಂದಿನ ವರ್ಷ, 1800ರ ಜೂನಿನಲ್ಲಿ, ಇದೇ ವೆಲ್ಲೆಸ್ಲಿಯ ತಮ್ಮನಾದ ಆರ್ಥರ್ ವೆಲ್ಲೆಸ್ಲಿ ಧೋಂಡಿಯ ವಾಘನನ್ನು ಅಟ್ಟಿಕೊಂಡು ಹರಿಹರದ ಬಳಿ ಹೊಳೆ ದಾಟಿ, ಐರಣಿಯನ್ನೂ ರಾಣೇಬೆನ್ನೂರನ್ನೂ ಹಿಡಿದಿದ್ದನು. ಅಣ್ಣನ ಆಜ್ಞೆಯಿಂದ ಬಂದ ವೈದ್ಯನು ಬಲದಂಡೆಯಲ್ಲಿ ನಿಂತನು. ತಮ್ಮನ ದಂಡು ಎಡದಂಡೆಯನ್ನು ತುಳಿದು ಹೋಯಿತು. ನಮ್ಮ ಊರಿನ ಪಾಲಿಗೆ ಬಂದದ್ದು ಫಿರಂಗಿ, ಗಿಡಗಳ ಪಟ್ಟಿಯಲ್ಲ. ಮುಂಬಯಿ ಪ್ರಾಂತದ ಸಸ್ಯಗಳನ್ನು ಕುರಿತು ಡಾಲ್ಜೆಲ್ ಮತ್ತು ಗಿಬ್ಸನ್ ಇವರ ಗ್ರಂಥ ಹೊರಬರಲು 1861ರ ವರೆಗೆ ಕಾಯಬೇಕಾಯಿತು. ಒಂದೇ ನೀರನ್ನು ಕುಡಿದು ಬೆಳೆದ ಗಿಡಗಳು ಎರಡು ದಂಡೆಗಳಲ್ಲಿ ಬೇರೆಬೇರೆ ಕಾಲದಲ್ಲಿ ಗ್ರಂಥಸ್ಥವಾದವು. ಗಿಡಗಳಿಗೆ ಗೊತ್ತಿಲ್ಲದ ಒಂದು ಗಡಿ ಪುಸ್ತಕಗಳಲ್ಲಿ ಹೀಗೆ ಉಳಿಯಿತು.

ಬುಕಾನನ್ನನನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಬಾರದು. ಆತನು ಗೆದ್ದವರ ಸೇವಕ. ಪ್ರತಿ ಪ್ರಶ್ನೆಯ ಹಿಂದೆಯೂ ಇದರಿಂದ ಕಂಪನಿಗೆ ಬರುವ ಲಾಭವೇನು ಎಂಬ ಎಣಿಕೆ ಇತ್ತು. ನಮ್ಮ ಜನರ ನಂಬಿಕೆ ನಡವಳಿಕೆಗಳ ಬಗ್ಗೆ ಆತನ ತೀರ್ಪುಗಳು ಹಲವೆಡೆ ಅವಸರದವು, ಕೆಲವೆಡೆ ಕಟುವಾದವು. ಎಷ್ಟೇ ತಾಳ್ಮೆಯವನಾದರೂ ಬೀಡು ಕಿತ್ತು ಬೀಡು ಹೂಡುತ್ತ ನಡೆದವನ ಕಣ್ಣಿಗೆ ಒಂದು ಋತುವಿನ ಗಿಡ ಮಾತ್ರ ಬಿದ್ದೀತು. ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಉಳಿಯುತ್ತದೆ: ಕಂದಾಯದ ಲೆಕ್ಕ ಕಂಪನಿಯೊಡನೆಯೇ ಮುಗಿಯಿತು, ಗಿಡಗಳ ಹೆಸರು ಮುಗಿಯಲಿಲ್ಲ.

ಅನಂತರದ ಜೀವನದಲ್ಲಿ ಬುಕಾನನ್ನನಿಗೆ ದುಡಿಮೆ ದೊರೆತಷ್ಟು ನ್ಯಾಯ ದೊರೆಯಲಿಲ್ಲ. 1802ರಲ್ಲಿ ನೇಪಾಳಕ್ಕೆ ಹೋಗಿಬಂದನು. ಬಳಿಕ ಗವರ್ನರ್ ಜನರಲ್ಲನ ವೈದ್ಯನಾಗಿ, ಬಾರಕ್‌ಪುರದ ಪ್ರಾಣಿಸಂಗ್ರಹವನ್ನು ನೋಡಿಕೊಂಡನು. ಸ್ವದೇಶಕ್ಕೆ ಹೋದಾಗ ಮೈಸೂರಿನ ಒಣಗಿಡಗಳನ್ನು ಹಳೆಯ ಗೆಳೆಯ ಸ್ಮಿತ್ತನಿಗೆ ಒಪ್ಪಿಸಿದನು. ಹೀಗೆ ನಮ್ಮ ನಾಡಿನ ಎಲೆಯೂ ಹೂವೂ ಲಿನೇಯಸ್ಸನ ಸ್ವೀಡನ್ನಿನ ಗಿಡಗಳಿರುವ ಮನೆಯನ್ನೇ ಸೇರಿದವು. 1807ರಲ್ಲಿ ಪ್ರವಾಸಗ್ರಂಥ ಅಚ್ಚಾಯಿತು. ಅದನ್ನು ವಿಷಯಾನುಸಾರವಾಗಿ ಹೊಂದಿಸಲು ಬಿಡುವು ದೊರೆಯದೆ ದಿನಚರಿಯ ರೂಪದಲ್ಲಿಯೇ ಹೊರಟಿತು. ಅದೇ ವರ್ಷ ಆರಂಭಿಸಿ 1814ರ ವರೆಗೆ ಬಂಗಾಳ ಬಿಹಾರಗಳ ಜಿಲ್ಲೆಗಳನ್ನು ಇದೇ ರೀತಿಯಲ್ಲಿ ಅಳೆದನು. ಆ ವರದಿಗಳು ಬಹುಕಾಲ ಕಪಾಟಿನಲ್ಲಿ ಮಲಗಿದ್ದು, ಆತನು ಸತ್ತು ಒಂಬತ್ತು ವರ್ಷಗಳಾದ ಮೇಲೆ, 1838ರಲ್ಲಿ, ಮಾಂಟ್‌ಗೊಮೆರಿ ಮಾರ್ಟಿನ್ ಎಂಬವನ ಕೈಯಲ್ಲಿ ಕತ್ತರಿ ತಿಂದು ಪ್ರಕಟವಾದವು. ಮುಖಪುಟದಲ್ಲಿ ಬುಕಾನನ್ನನ ಹೆಸರೇ ಇರಲಿಲ್ಲ. 1814ರಲ್ಲಿ ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ ಆತನಿಗೆ ಬಂದಿತು. ಮರುವರ್ಷ ನಿವೃತ್ತನಾಗಿ ಹೊರಟಾಗ, ತಾನು ಬರೆಯಿಸಿದ್ದ ಸಸ್ಯ, ಪ್ರಾಣಿಗಳ ಚಿತ್ರಗಳನ್ನು ಜೊತೆಗೊಯ್ಯಲು ಹೊಸ ಗವರ್ನರ್ ಜನರಲ್ಲನು ಬಿಡಲಿಲ್ಲ. ಅವು ಸರ್ಕಾರದ ಸೊತ್ತೆಂದು ಕಲಕತ್ತೆಯಲ್ಲಿಯೇ ಉಳಿದವು.

ಊರಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದು, ಅದರೊಡನೆ ಹ್ಯಾಮಿಲ್ಟನ್ ಎಂಬ ತಾಯಿಯ ಮನೆತನದ ಹೆಸರನ್ನೂ ಧರಿಸಬೇಕಾಯಿತು. 1822ರಲ್ಲಿ ಹೊರಬಂದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಆತನು ಹ್ಯಾಮಿಲ್ಟನ್. ಮೈಸೂರಿನ ಪ್ರವಾಸದಲ್ಲಿ ಬುಕಾನನ್. ಇಂದು ನಮ್ಮ ಕೆರೆಗಳಲ್ಲಿ ಬಿಟ್ಟು ಬೆಳೆಸುವ ರೋಹು, ಕಾಟ್ಲಾ ಮೀನುಗಳ ಶಾಸ್ತ್ರೀಯ ಹೆಸರಿನ ಹಿಂದೆ ಹ್ಯಾಮಿಲ್ಟನ್ ಎಂದಿದ್ದರೆ ಅದು ಈತನೇ. ಬದುಕಿಡೀ ಅನ್ಯರ ಹೆಸರನ್ನು ಕೆಡದಂತೆ ಕಾದವನ ಸ್ವಂತ ಹೆಸರು ಎರಡು ಹೋಳಾಗಿ, ಗ್ರಂಥಭಂಡಾರಗಳಲ್ಲಿ ಎರಡು ಕಡೆ ಹಂಚಿಹೋಯಿತು. 1829ರ ಜೂನ್ 15ರಂದು ಆತನು ತನ್ನ ಗುಡ್ಡಗಳ ನಾಡಿನಲ್ಲಿ ತೀರಿಕೊಂಡನು.

ಆತನಿಂದ ನಾವು ಕಲಿಯಬೇಕಾದುದು ಏನು? ನಮ್ಮ ದಂಡೆಯಲ್ಲಿ ತಂಗಡಿ ಎನ್ನುವುದನ್ನು ಮೈಸೂರಿನವರು ಆವರಿಕೆ ಎನ್ನುತ್ತಾರೆ. ನಮ್ಮ ಕರಕಿ ಅವರ ಗರಿಕೆ. ನಮ್ಮ ಮುತ್ತಲ ಅವರ ಮುತ್ತುಗ. ಎರೆಹೊಲದ ಬದುವಿನಲ್ಲಿ ಬೆಳೆಯುವ ಹಕ್ಕರಕಿ, ಗೋಣಿಸೊಪ್ಪು, ಕಿರಕಸಾಲಿಗಳನ್ನು ನಮ್ಮ ಅಜ್ಜಿಯರು ಕಣ್ಣುಮುಚ್ಚಿ ಕಿತ್ತು ತರುತ್ತಿದ್ದರು. ಅವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದಾರೆ. ಖಗೇಂದ್ರಮಣಿದರ್ಪಣದಲ್ಲಿ ಬರುವ ಮೂಲಿಕೆಯ ಹೆಸರನ್ನು ಕೇಳಿದರೆ ಅರ್ಥಕೋಶವನ್ನು ತೆರೆಯುತ್ತಾರೆ. ಅದೇ ಮೂಲಿಕೆ ಕಾಲೇಜಿನ ಬೇಲಿಯಲ್ಲಿ ಬೆಳೆದಿದ್ದರೆ ಗುರುತಿಸುವುದಿಲ್ಲ. ಕಳೆದ ಶತಮಾನದ ಐವತ್ತರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಪಾರ್ಥೇನಿಯಂ ಎಂಬ ಪರದೇಶದ ಕಳೆ ಈಗ ಹೊಲದ ಬದುಗಳನ್ನೆಲ್ಲ ಆಕ್ರಮಿಸಿದೆ. ಅದು ಎಲ್ಲರಿಗೂ ಗೊತ್ತು. ಅದು ಯಾವುದನ್ನು ಒತ್ತರಿಸಿ ಬೆಳೆಯಿತು ಎಂಬುದನ್ನು ಹೇಳಬಲ್ಲವರು ಕಡಮೆಯಾಗುತ್ತಿದ್ದಾರೆ. ಗಿಡ ಅಳಿಯುವುದಕ್ಕೆ ಮೊದಲೇ ಹೆಸರು ಅಳಿದರೆ, ಗಿಡ ಅಳಿದದ್ದು ಯಾರ ಗಮನಕ್ಕೂ ಬಾರದು.

ಬುಕಾನನ್ನನಿಗೆ ಮರಗಳನ್ನು ತೋರಿಸಿ ಹೆಸರು ಹೇಳಿದ ಕಟ್ಟಿಗೆ ಕಡಿಯುವವರು, ದನ ಕಾಯುವವರು, ನಾಟಿ ವೈದ್ಯರು ಯಾರು? ಆತನ ಪಟ್ಟಿಗಳಲ್ಲಿ ಮರದ ಹೆಸರಿದೆ, ಮರದ ಉಪಯೋಗವಿದೆ. ಹೇಳಿದವರ ಹೆಸರು ಸಾಮಾನ್ಯವಾಗಿ ಇಲ್ಲ. ಹೊಳೆಯ ಈ ದಂಡೆಯ ಪಟ್ಟಿಯನ್ನು ನಮ್ಮ ವಿದ್ಯಾರ್ಥಿಗಳು ಈಗಲೂ ಮಾಡಬಹುದು. ಅದಕ್ಕೆ ಗವರ್ನರ್ ಜನರಲ್ಲನ ಅಪ್ಪಣೆ ಬೇಕಾಗಿಲ್ಲ. ಒಂದು ಪುಸ್ತಕ, ಒಂದು ಲೇಖನಿ, ಮುದುಕರ ಮಾತನ್ನು ಕೇಳುವ ಸಹನೆ ಇದ್ದರೆ ಸಾಕು. ಗಿಡದ ಊರ ಹೆಸರನ್ನು ಮೊದಲು ಬರೆಯಲಿ, ಶಾಸ್ತ್ರದ ಹೆಸರನ್ನು ಬಲ್ಲವರಿಂದ ಕೇಳಿ ಪಕ್ಕದಲ್ಲಿ ಸೇರಿಸಲಿ. ಬುಕಾನನ್ನನು ಬಿಟ್ಟುದನ್ನು ತುಂಬಲು ಮೂರನೆಯ ಸಾಲೊಂದನ್ನು ಎಳೆದು, ಹೇಳಿದವರು ಯಾರು, ಯಾವ ಊರಿನವರು ಎಂಬುದನ್ನೂ ಅಲ್ಲಿ ಬರೆದಿಡಲಿ.